ಎಂಟಿಂಚಿನ ವೂಫರಿಗೆ ಫೋಮ್ ಸರೌಂಡ್ ಕಿಟ್: ಮೂರು ಮಳೆಗಾಲ ಕಳೆದ ಮೇಲೆ

★★★★☆

ವೂಫರ್ ಅಂದರೆ ಸ್ಪೀಕರಿನಲ್ಲಿ ದಪ್ಪ ಸದ್ದು ಕೊಡುವ ಭಾಗ. ಅದರ ಕೋನನ್ನು, ಅಂದರೆ ಅದುರಿ ಸದ್ದು ಮಾಡುವ ಶಂಕುವನ್ನು, ಸುತ್ತಲಿನ ಫ್ರೇಮಿಗೆ ಹಿಡಿದಿಡುವ ಮೆತ್ತನೆ ಉಂಗುರವೇ ಸರೌಂಡ್. ಡಬ್ಬಿಯಲ್ಲಿ ಬರೋದು ಎರಡು ಫೋಮ್ ಉಂಗುರ, ಒಂದು ಪುಟ್ಟ ಬಾಟಲಿ ಬಿಳಿ ಅಂಟು, ನಾಲ್ಕು ತೆಳು ಪ್ಲಾಸ್ಟಿಕ್ ಪಟ್ಟಿ. ಮೂರು ಮಳೆಗಾಲ ಕಳೆದರೂ ಅಂಟಿಸಿದ ಅಂಚು ಎಲ್ಲೂ ಎದ್ದಿಲ್ಲ, ಬೆರಳಿಟ್ಟರೆ ಫೋಮ್ ಇನ್ನೂ ಮೆತ್ತಗಿದೆ. ಹಾಗಂತ ಕಣ್ಣುಮುಚ್ಚಿ ಆರ್ಡರ್ ಮಾಡಬೇಡಿ.

ಹಳೇ ಪಾಲಿಯುರೆಥೇನ್ ಫೋಮ್ ತೇವಕ್ಕೆ ಅಂಟಂಟಾಗಿ, ಮುಟ್ಟಿದರೆ ಉದುರುತ್ತೆ. ಅದು ಕಣ್ಣಿಗೇ ಕಾಣುತ್ತೆ. ಕಾಣದೇ ಇರೋದು ಕಾಯಿಲ್, ಕೋನಿನ ಹಿಂದೆ ಅಂಟಿಕೊಂಡ ತಂತಿ ಸುರುಳಿ. ಹರಿದ ಫೋಮಿನಲ್ಲೇ ಜೋರಾಗಿ ಹಾಡು ಹಾಕಿದ್ದರೆ ಅದೂ ಹೋಗಿರಬಹುದು. ವೂಫರಿನ ವೈರ್ ಬಿಚ್ಚಿ ಮಲ್ಟಿಮೀಟರನ್ನು ಓಮಿಗಿಟ್ಟು ಹಿಡಿಯಿರಿ. 8 ಓಮಿನದಾದರೆ 5.5ರಿಂದ 7, 4 ಓಮಿನದಾದರೆ 3ರಿಂದ 3.7ರ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ, ಇಲ್ಲವೇ ಟರ್ಮಿನಲ್ಲಿನಿಂದ ಕೋನಿಗೆ ಹೋಗುವ ಹೆಣೆದ ತಂತಿ ತುಂಡಾಗಿದೆ. ತಂತಿಯಾದರೆ ಬೆಸುಗೆಯಲ್ಲೇ ಮುಗಿಯುತ್ತೆ. ಮೀಟರ್ ಸರಿಯಿದ್ದರೆ ಎರಡು ಹೆಬ್ಬೆರಳನ್ನು ಎದುರುಬದುರಿಟ್ಟು ಕೋನನ್ನು ಸಮನಾಗಿ, ಮೆಲ್ಲಗೆ ಒತ್ತಿ. ಫೋಮಿಲ್ಲದ ಕೋನ್ ಓರೆಯಾಗಿ ಕೂತಿರುತ್ತೆ, ಆದ್ದರಿಂದ ಸ್ವಲ್ಪ ಅತ್ತಿತ್ತ ಸರಿಸಿಯೂ ನೋಡಿ. ಎಲ್ಲಿಟ್ಟರೂ ಕರಕರ ಅಂದರೆ ಈ ಕಿಟ್ ನಿಮಗಲ್ಲ, ಕೋನ್-ಕಾಯಿಲ್ ಬದಲಿಸುವ ಅಂಗಡಿಗೆ ಒಯ್ಯಿರಿ.

ಒಂದು ಸ್ಟಾರ್ ಕಡಿಮೆಯಾಗಿದ್ದು ಅಳತೆಯ ವಿಷಯಕ್ಕೆ. ಡಬ್ಬಿ ಮೇಲೆ ಬರೀ '8 ಇಂಚು' ಅಂತಿದೆ, ಅದು ಫ್ರೇಮಿನ ಲೆಕ್ಕ. ಒಂದೇ ಫ್ರೇಮಿನ ಎರಡು ಕಂಪನಿಗಳ ವೂಫರಿನಲ್ಲಿ ಕೋನ್ ಅಳತೆ ಬೇರೆ ಬೇರೆ. ಕೋನಿನ ಹೊರ ಅಂಚಿಂದ ಅಂಚಿಗೆ ಮಿಲಿಮೀಟರಿನಲ್ಲಿ ಅಳೆದು ಮಾರುವವರನ್ನೇ ಕೇಳಿ. ಫೋಮಿನ ಒಳ ಅಂಚು ಕೋನಿನ ಮೇಲೆ ಸುತ್ತಲೂ 5 ಮಿ.ಮೀ.ನಷ್ಟಾದರೂ ಕೂರಬೇಕು.

ಅರ್ಧ ಕೆಲಸ ಹಳೇ ಅಂಟು ಕೆರೆಯೋದರಲ್ಲೇ ಹೋಗುತ್ತೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತೋಯಿಸಿ ಒರೆಸಿ, ಪೇಪರ್ ಕೋನನ್ನು ಮಾತ್ರ ನೆನೆಸಬೇಡಿ. ಮೊದಲು ಫೋಮನ್ನು ಕೋನಿಗೆ ಅಂಟಿಸಿ ಒಣಗಲು ಬಿಡಿ. ಆಮೇಲೆ ಕೋನಿನ ನಡುವೆ ಧೂಳು ತಡೆಯುವ ಮುಚ್ಚಳವನ್ನು, ಅಂದರೆ ಡಸ್ಟ್ ಕ್ಯಾಪನ್ನು, ಬ್ಲೇಡಿನಲ್ಲಿ ಸುತ್ತ ಕೊಯ್ದು ತೆಗೆದು, ಕಾಯಿಲಿಗೂ ನಡುವಿನ ಕಬ್ಬಿಣದ ಕಂಬಕ್ಕೂ ಮಧ್ಯೆ ನಾಲ್ಕೂ ಪಟ್ಟಿಗಳನ್ನು ನಾಲ್ಕು ದಿಕ್ಕಿಗೆ ತೂರಿಸಿ. ಹೊರ ಅಂಚನ್ನು ಫ್ರೇಮಿಗೆ ಅಂಟಿಸೋದು ಪಟ್ಟಿ ಕೂತ ಮೇಲೇ. ಕಾಯಿಲಿನ ಒಂದೊಂದು ಬದಿಗೂ ಉಳಿಯುವ ಜಾಗ ಒಂದು ಮಿಲಿಮೀಟರೂ ಇರಲ್ಲ. ಕೂದಲೆಳೆಯಷ್ಟು ವಾಲಿದರೂ ಹೊಸ ಫೋಮಿನಲ್ಲೂ ಅದೇ ಕರಕರ.

ಬಿಳಿ ಅಂಟು ನಿಧಾನಕ್ಕೆ ಹಿಡಿಯೋದೇ ಇಲ್ಲಿ ವರ, ಸರಿಪಡಿಸಲು ಹತ್ತು ನಿಮಿಷ ಸಿಗುತ್ತೆ. ಫೆವಿಕ್ವಿಕ್ ಹಾಕುವವರಿದ್ದಾರೆ! ತಪ್ಪಿ ಕೂತರೆ ಎತ್ತಲಾಗಲ್ಲ, ಒಣಗಿದ ಮೇಲೆ ಗಾಜಿನಂತೆ ಗಡಸಾಗಿ ಫೋಮನ್ನೇ ಸೀಳುತ್ತೆ. ಪಾಲಿಪ್ರೊಪಿಲೀನ್ ಕೋನಿದ್ದರೆ ಈ ಬಿಳಿ ಅಂಟೂ ಸರಿಯಾಗಿ ಹಿಡಿಯಲ್ಲ, ಆ ಪ್ಲಾಸ್ಟಿಕ್ಕಿಗೆಂದೇ ಇರುವ ಅಂಟು ಬೇರೆ ತರಬೇಕು.

24 ಗಂಟೆ ಮುಟ್ಟಬೇಡಿ. ಪಟ್ಟಿ ಎಳೆದು, ಡಸ್ಟ್ ಕ್ಯಾಪ್ ಅಂಟಿಸುವ ಮೊದಲೇ 30 ಹರ್ಟ್ಸ್ ಟೋನ್ ಸಣ್ಣಗೆ ಕೊಟ್ಟು ಕಿವಿ ಹತ್ತಿರ ಹಿಡಿದು ಕೇಳಿ. ಕೆರೆತ ಕೇಳಿದರೆ ಹೊರ ಅಂಚು ಬಿಡಿಸಿ ಮತ್ತೆ ಕೂರಿಸಲು ಇನ್ನೂ ದಾರಿ ಇರುತ್ತೆ.