ಬಿಟ್ಟಿ ಗೇಮ್ ಇಲ್ಲಿ, ಖರೀದಿ ಅಲ್ಲಿ

2018ರ ಡಿಸೆಂಬರ್‌ನಲ್ಲಿ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಎಪಿಕ್ ಗೇಮ್ಸ್ ಸ್ಟೋರ್ ಶುರುವಾದಾಗ ನಾನು ಖಾತೆ ತೆರೆದಿದ್ದೇ ಸಬ್‌ನಾಟಿಕಾ ಅನ್ನೋ ಸಮುದ್ರದಾಳದ ಗೇಮ್ ಬಿಟ್ಟಿ ಸಿಗುತ್ತೆ ಅಂತ. ಅವತ್ತಿನಿಂದ ಇವತ್ತಿನವರೆಗೆ ಅಲ್ಲಿ ಬಿಡಿಗಾಸು ಬಿಚ್ಚಿಲ್ಲ.

ಎಪಿಕ್ ಬಿಟ್ಟಿ ಗೇಮ್ ಕೊಡುವುದು ಗುರುವಾರ, ಆ ದಿನ ಬಂತೆಂದರೆ ನನಗೆ ವ್ರತದ ಹಾಗೆ. ಲಾಂಚರ್ (ಅಂಗಡಿಯ ಆ್ಯಪ್) ತೆರೆಯುವುದು, ಕೆಳಗೆ ಜಾರಿಸುವುದು, ಹೊಸ ಗೇಮ್‌ನ ಚಿತ್ರ ಒತ್ತುವುದು. ಹಳೆ ಬೆಲೆಯ ಮೇಲೆ ಅಡ್ಡಗೆರೆ, ಪಕ್ಕದಲ್ಲಿ 'ಉಚಿತ'. ಆರ್ಡರ್ ಮಾಡಿದರೆ ಇಮೇಲ್‌ಗೆ ಸೊನ್ನೆ ಮೊತ್ತದ ರಸೀದಿ ಬರುತ್ತದೆ. ಒಂದನ್ನೂ ಅಳಿಸಿಲ್ಲ, ಅವಕ್ಕೇ ಬೇರೆ ಫೋಲ್ಡರ್ ಇದೆ! 2020ರ ಮೇನಲ್ಲಿ ಜಿಟಿಎ 5 ಕೊಟ್ಟಾಗ ಜನ ಮುಗಿಬಿದ್ದು ಸೈಟೇ ಕೂತುಬಿಟ್ಟಿತ್ತು, ನೆನಪಿದೆ ಅಲ್ವಾ?

ಸಬ್‌ನಾಟಿಕಾ ನನಗೆ ಹುಚ್ಚು ಹಿಡಿಸಿತು. ಆಮ್ಲಜನಕ ಮುಗಿಯುತ್ತಿದೆ ಎಂಬ ಎಚ್ಚರಿಕೆ ಬಂದಾಗ ಕುರ್ಚಿಯಲ್ಲೇ ಉಸಿರು ಬಿಗಿಹಿಡಿದು ಮೇಲಕ್ಕೆ ಈಜುತ್ತಿದ್ದೆ. ಮುಂದಿನ ಭಾಗ ಬಿಲೋ ಝೀರೋ 2021ರಲ್ಲಿ ಪೂರ್ತಿಯಾಗಿ ಬಂದಾಗ ಕಾಸು ಕೊಟ್ಟೇ ಕೊಂಡೆ. ಎಲ್ಲಿ? ಎಪಿಕ್‌ನ ಎದುರಾಳಿ ಅಂಗಡಿ ಸ್ಟೀಮ್‌ನಲ್ಲಿ. ಎಪಿಕ್‌ನಲ್ಲೂ ಮಾರಾಟಕ್ಕಿತ್ತು. ಆದರೆ ನನ್ನ ಗೆಳೆಯರು, ಅಚೀವ್‌ಮೆಂಟ್‌ಗಳು, ಹಳೆಯ ಸ್ಕ್ರೀನ್‌ಶಾಟ್‌ಗಳು ಎಲ್ಲ ಇರುವುದು ಸ್ಟೀಮ್‌ನಲ್ಲೇ.

ಅದೇ ವರ್ಷ ಆಪಲ್ ಜತೆಗಿನ ಮೊಕದ್ದಮೆಯಲ್ಲಿ ಎಪಿಕ್‌ನ ಲೆಕ್ಕಪತ್ರ ಹೊರಬಿತ್ತು. ಸಬ್‌ನಾಟಿಕಾ ಬಿಟ್ಟಿ ಹಂಚಲು ಅದನ್ನು ಮಾಡಿದವರಿಗೆ ಎಪಿಕ್ ಕೊಟ್ಟಿದ್ದು 14 ಲಕ್ಷ ಡಾಲರ್. ಮೊದಲ ಒಂಬತ್ತು ತಿಂಗಳ ಬಿಟ್ಟಿ ಗೇಮ್‌ಗಳಿಗೆ ಒಟ್ಟು 1 ಕೋಟಿ 16 ಲಕ್ಷ ಡಾಲರ್, ಬಂದ ಹೊಸ ಖಾತೆಗಳು ಸುಮಾರು 50 ಲಕ್ಷ. ಅದರಲ್ಲಿ ನನ್ನದೂ ಒಂದು. ಊಟ ಹಾಕಿದವರು ಒಬ್ಬರು, ನಾನು ಗಲ್ಲಾ ತುಂಬಿಸಿದ್ದು ಇನ್ನೊಬ್ಬರದು. ಮಾರಾಟದ ಹಣದಲ್ಲಿ ಗೇಮ್ ಮಾಡಿದವರಿಂದ ಎಪಿಕ್ ಆಗ ಹಿಡಿಯುತ್ತಿದ್ದುದು ಶೇ 12, ಸ್ಟೀಮ್ ಸಾಮಾನ್ಯವಾಗಿ ಶೇ 30. ಅಂದರೆ ನನ್ನ ಹಟದಿಂದ ಗೇಮ್ ಮಾಡಿದವರ ಕೈಗೂ ಕಡಿಮೆಯೇ ಹೋಯಿತು. ಪಾಪ.

ಆದರೆ ಇತ್ತೀಚೆಗೆ ಸ್ಟೀಮ್‌ಗೂ ನನ್ನಿಂದ ಜಾಸ್ತಿ ಏನೂ ಹುಟ್ಟುತ್ತಿಲ್ಲ. ವಿಶ್‌ಲಿಸ್ಟ್‌ನಲ್ಲಿರುವ ಪುಟ್ಟ ಗೇಮ್‌ಗಳು ಅರ್ಧ ಬೆಲೆಗೆ ಇಳಿದರೂ ಕೈ ಮುಂದೆ ಹೋಗುವುದಿಲ್ಲ. ಯಾವುದಾದರೂ ಗುರುವಾರ ಸುಮ್ನೆ ಸಿಕ್ಕಿಬಿಟ್ಟರೆ? ಹೀಗೆ ಕಾದು ಕಾದು ಒಂದು ಗೇಮ್ ಎರಡು ವರ್ಷದ ಮೇಲೆ ನಿಜಕ್ಕೂ ಬಿಟ್ಟಿ ಸಿಕ್ಕಿತು. ಕುಣಿದಾಡಿದೆ. ರಸೀದಿಯನ್ನು ಫೋಲ್ಡರ್‌ಗೆ ಹಾಕಿದೆ. ಇನ್ನೂ ಇನ್‌ಸ್ಟಾಲ್ ಮಾಡಿಲ್ಲ.

ಎಪಿಕ್ ಅಂಗಡಿಗೆ ಐದಕ್ಕೆ ಮೂರೂವರೆ ಸ್ಟಾರ್. ಕಡಿಮೆಯಾದ ಒಂದೂವರೆಯಲ್ಲಿ ಒಂದು ನನ್ನದೇ ತಪ್ಪಿಗೆ.