ಕಿಡ್ನಿ ಗಡ್ಡೆ ತೆಗೆಸಿದವರ ಹಳೆಯ ರಿಪೋರ್ಟನ್ನು ಇನ್ನೊಮ್ಮೆ ನೋಡಿ

ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಕಿಡ್ನಿ ಕ್ಯಾನ್ಸರ್ ಆಗಿದ್ದರೆ ಬಯಾಪ್ಸಿ ರಿಪೋರ್ಟ್ ತೆಗೆದು ನೋಡಿ. 'ಪ್ಯಾಪಿಲರಿ, ಟೈಪ್ 2' (ಕಿಡ್ನಿ ಕ್ಯಾನ್ಸರಿನ ಒಂದು ಬಗೆಗೆ ಇಟ್ಟಿದ್ದ ಹೆಸರು) ಅಂತ ಇದ್ದರೆ ಇದನ್ನು ಪೂರ್ತಿ ಓದಿ.

ನನ್ನ ಅಕ್ಕನಿಗೆ 38ನೇ ವಯಸ್ಸಿಗೆ ಮೂತ್ರದಲ್ಲಿ ರಕ್ತ ಬಂತು. ಸೋಂಕು ಅಂತ ಮಾತ್ರೆ ಕೊಟ್ಟರು. ನಿಂತಿತು, ಮತ್ತೆ ಬಂತು. ಕೊನೆಗೆ ಸಿ.ಟಿ. ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು, ಆಪರೇಷನ್ ಆಯಿತು. ರಿಪೋರ್ಟಿನಲ್ಲಿ ಇದೇ ಟೈಪ್ 2. 'ಪೂರ್ತಿ ತೆಗೆದಿದ್ದೇವೆ, ಏನೂ ಯೋಚನೆ ಮಾಡಬೇಡಿ' ಎಂದು ಮನೆಗೆ ಕಳಿಸಿದರು.

ಅಕ್ಕನಿಗೆ ಇಪ್ಪತ್ತೈದು ದಾಟುವ ಮೊದಲೇ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಆಗಿತ್ತು. ತೋಳಿನ ಮೇಲೆ ಸಣ್ಣ ಗಂಟುಗಳು, ಚಳಿಗೆ ನೋಯುತ್ತಿದ್ದವು. ಅಮ್ಮನಿಗೂ ಅಂಥವೇ ಇದ್ದವು. ಗರ್ಭಕೋಶ ಒಬ್ಬ ಡಾಕ್ಟರು ನೋಡಿದರು, ಚರ್ಮ ಇನ್ನೊಬ್ಬರು, ಕಿಡ್ನಿ ಮತ್ತೊಬ್ಬರು. ಮೂರಕ್ಕೂ ನಂಟಿರಬಹುದಾ ಅಂತ ಒಬ್ಬರೂ ಕೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಇರುವುದು ಇದಕ್ಕೇ.

ಮುಂದಿನ ಸ್ಕ್ಯಾನಿನಲ್ಲಿ ಲಿಂಫ್ ಗ್ರಂಥಿಗಳಿಗೆ ಹರಡಿತ್ತು. ಆಗ ಬೇರೆ ಕಡೆ ತೋರಿಸಿದೆವು. ಅಲ್ಲಿನ ಪೆಥಾಲಜಿಸ್ಟ್ ಹಳೆಯ ಸ್ಲೈಡು, ಗಡ್ಡೆಯ ತುಂಡನ್ನು ಮೇಣದಲ್ಲಿ ಕಾಪಿಟ್ಟ ಬ್ಲಾಕು ತರಿಸಿಕೊಂಡು ಎಫ್‌ಎಚ್ ಎಂಬ ಪ್ರೋಟೀನಿಗೆ ಸ್ಟೇನ್ ಮಾಡಿದರು, ಅಂದರೆ ಅದು ಇದೆಯೋ ಇಲ್ಲವೋ ಅಂತ ಬಣ್ಣ ಹಾಕಿ ನೋಡಿದರು. ಗಡ್ಡೆಯ ಜೀವಕೋಶಗಳಲ್ಲಿ ಅದು ಇರಲೇ ಇಲ್ಲ. ಎಫ್‌ಎಚ್ ಕೊರತೆಯ ಕಿಡ್ನಿ ಕ್ಯಾನ್ಸರ್. ಬಲು ಅಪರೂಪದ್ದು, ಗಡ್ಡೆ ಸಣ್ಣದಿದ್ದಾಗಲೇ ಹರಡಬಲ್ಲದ್ದು. ಆಮೇಲೆ ರಕ್ತದ ಜೀನ್ ಪರೀಕ್ಷೆಯಲ್ಲಿ ಎಫ್‌ಎಚ್ ಜೀನಿನ ದೋಷ ಹುಟ್ಟಿನಿಂದಲೇ ಇರುವುದು ಗೊತ್ತಾಯಿತು. ಫೈಬ್ರಾಯ್ಡ್, ಚರ್ಮದ ಗಂಟು, ಕಿಡ್ನಿ ಗಡ್ಡೆ ಮೂರಕ್ಕೂ ನಂಟು ಇದೇ ದೋಷ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣದಲ್ಲಿ ಟೈಪ್ 1, ಟೈಪ್ 2 ಎಂಬ ವಿಂಗಡಣೆಯನ್ನೇ ಕೈಬಿಟ್ಟಿದ್ದಾರೆ. ಟೈಪ್ 2 ಅಂದುಕೊಂಡಿದ್ದರಲ್ಲಿ ಬೇರೆ ಬೇರೆ ರೋಗಗಳು ಸೇರಿಕೊಂಡಿದ್ದವು. ಹಳೆಯ ಫೈಲುಗಳಲ್ಲಿ ಮಾತ್ರ ಆ ಹೆಸರು ಹಾಗೇ ಇದೆ. ಎಲ್ಲ ಟೈಪ್ 2 ಕೂಡ ಇದೇ ಅಂತಲ್ಲ, ಸುಮ್ನೆ ಗಾಬರಿಯಾಗಬೇಡಿ. ಆದರೆ 'ಎಫ್‌ಎಚ್ ಸ್ಟೇನ್ ಮಾಡಿದ್ದೀರಾ?' ಅಂತ ಕೇಳಿ. ಸ್ಟೇನ್ ಸರಿ ಬಂದರೂ ಕೆಲವರಲ್ಲಿ ಜೀನ್ ದೋಷ ಇರಬಹುದು. ಫೈಬ್ರಾಯ್ಡ್, ಗಂಟು, ಮನೆತನದ ಕಾಯಿಲೆ ಎಲ್ಲವನ್ನೂ ಹೇಳಿ, ಜೀನ್ ಪರೀಕ್ಷೆ ಬೇಕಾ ಎಂದು ವಿಚಾರಿಸಿ. ಬ್ಲಾಕುಗಳನ್ನು ಆಸ್ಪತ್ರೆಯವರು ಸದಾ ಇಟ್ಟುಕೊಳ್ಳುವುದಿಲ್ಲ, ಮೊದಲೇ ಕೇಳಿ ಇಟ್ಟುಕೊಳ್ಳಿ.

ದೋಷ ಇರುವವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಒಡಹುಟ್ಟಿದವರಿಗೂ ಪರೀಕ್ಷೆ ಬೇಕು. ದೋಷ ಇದ್ದರೆ 8-10 ವರ್ಷದಿಂದಲೇ ವರ್ಷಕ್ಕೊಮ್ಮೆ ಕಿಡ್ನಿಯ ಎಂಆರ್‌ಐ ಮಾಡಿಸಲು ಹೇಳುತ್ತಾರೆ. ಅಲ್ಟ್ರಾಸೌಂಡ್ ಸಾಕು ಅಂದರೆ ಒಪ್ಪಬೇಡಿ, ಅದರಲ್ಲಿ ಈ ಗಡ್ಡೆ ಕಣ್ತಪ್ಪುವುದುಂಟು.