ಅಂಡಮಾನಿನ ಹವಳ: ಗಾಜಿನ ದೋಣಿಯೋ, ಸ್ನಾರ್ಕೆಲಿಂಗೋ, ಇಳಿತದ ನಡಿಗೆಯೋ?

ಜನವರಿಯಲ್ಲಿ ನಾವು ನಾಲ್ವರು ಅಂಡಮಾನಿಗೆ ಹೋಗಿದ್ದೆವು. ನಾನು, ನಮ್ಮೆಜಮಾನರು, 10 ವರ್ಷದ ಮಗ, 68 ವರ್ಷದ ಅತ್ತೆ. ಹವಳ ನೋಡಬೇಕು ಅಂತ ಎಲ್ಲರಿಗೂ ಆಸೆ. ಆದರೆ ಅತ್ತೆಗೆ ಈಜು ಬರುವುದಿಲ್ಲ, ಮಗನಿಗೆ ಒಂದು ಕಡೆ ಕೂರಲು ಬರುವುದಿಲ್ಲ. ಹೀಗಾಗಿ ಎರಡೇ ದಿನದಲ್ಲಿ ಮೂರು ಬಗೆಯನ್ನೂ ನೋಡಿದಂತಾಯಿತು. ಹೋಗುವವರಿಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಮೊದಲು ಸ್ನಾರ್ಕೆಲಿಂಗ್, ಅಂದರೆ ಬಾಯಲ್ಲಿ ಕೊಳವೆ ಕಚ್ಚಿ ಉಸಿರಾಡುತ್ತಾ, ಮುಖ ನೀರೊಳಗಿಟ್ಟು ತೇಲುತ್ತಾ ಕೆಳಗೆ ನೋಡುವುದು. ಹ್ಯಾವ್‌ಲಾಕ್ ದ್ವೀಪದ (2018ರಿಂದ ಅದರ ಹೆಸರು ಸ್ವರಾಜ್ ದ್ವೀಪ) ಜೆಟ್ಟಿಯಿಂದ ಸ್ಪೀಡ್‌ಬೋಟ್ ಹತ್ತಿ ಎಲಿಫೆಂಟ್ ಬೀಚಿಗೆ ಹೋದೆವು. ಕಾಡಿನೊಳಗೆ ನಡೆದೂ ಹೋಗಬಹುದು, ನಾವು ಹೋಗಲಿಲ್ಲ. ಅಲ್ಲಿ ಒಂದು ರಬ್ಬರ್ ಟ್ಯೂಬ್ ಹಿಡಿಸಿ, ಮುಖಕ್ಕೆ ಮಾಸ್ಕ್ ಹಾಕಿ, ಹುಡುಗನೊಬ್ಬ ನಮ್ಮನ್ನು ಎಳೆದುಕೊಂಡು ಹೋಗುತ್ತಾನೆ. ಈಜು ಬರದಿದ್ದರೂ ನಡೆಯುತ್ತದೆ ಅಂತಾರೆ. ನಡೆಯುತ್ತದೆ ನಿಜ, ಆದರೆ ಧೈರ್ಯ ಬೇಕಲ್ವಾ? ಅತ್ತೆ ದಡದಲ್ಲೇ ಕೂತು ಎಳನೀರು ಕುಡಿದರು.

ನೀರಿನೊಳಗೆ ಕಂಡದ್ದು ಮಾತ್ರ ಬೇರೆಯದೇ ಲೋಕ. ಗಿಳಿಮೀನು ಹವಳದ ಕಲ್ಲನ್ನು ಹಲ್ಲಲ್ಲಿ ಕೆರೆಯುವ ಸದ್ದು ಕಿವಿಗೆ ಕೇಳುತ್ತದೆ, ಯಾರೋ ತೆಂಗಿನಕಾಯಿ ತುರಿಯುತ್ತಿರುವ ಹಾಗೆ. ಹಾಗೆ ತಿಂದ ಕಲ್ಲನ್ನೇ ಅದು ಮರಳು ಮಾಡಿ ಹೊರಗೆ ಬಿಡುತ್ತದೆ. ಬಿಳಿ ಮರಳು, ಬಿಳಿ ಮರಳು ಅಂತ ನಾವು ಫೋಟೋ ತೆಗೆದುಕೊಳ್ಳುವುದರಲ್ಲಿ ಒಂದಿಷ್ಟು ಪಾಲು ಅದೇ! ತೊಂದರೆ ಏನೆಂದರೆ, ಎಲ್ಲಿ ನಿಲ್ಲಬೇಕು ಅನ್ನುವುದು ಟ್ಯೂಬ್ ಎಳೆಯುವವನ ಕೈಯಲ್ಲಿ. ಒಂದು ಮೀನನ್ನು ಸರಿಯಾಗಿ ನೋಡುವಷ್ಟರಲ್ಲಿ ಮುಂದೆ ಎಳೆದಿರುತ್ತಾನೆ. ಇನ್ನೊಂದು ಮಾತು, ಮೀಸೆ ಇದ್ದವರ ಮಾಸ್ಕಿನೊಳಗೆ ನೀರು ಜಿನುಗುತ್ತದೆ. ನಮ್ಮೆಜಮಾನರು ಅರ್ಧ ಹೊತ್ತು ಉಪ್ಪುನೀರು ಉಗುಳುವುದರಲ್ಲೇ ಕಳೆದರು.

ಮರುದಿನ ನೀಲ್ ದ್ವೀಪ, ಅಂದರೆ ಈಗಿನ ಶಹೀದ್ ದ್ವೀಪ. ಬೀಚುಗಳ ಹೆಸರು ಭರತ್‌ಪುರ, ಲಕ್ಷ್ಮಣ್‌ಪುರ, ಸೀತಾಪುರ. ಅತ್ತೆಗೆ ಹೆಸರು ಕೇಳಿಯೇ ಖುಷಿ. ನಮ್ಮ ಪ್ಯಾಕೇಜ್‌ನವರು ಬೆಳಗ್ಗೆ 10ಕ್ಕೆ ಲಕ್ಷ್ಮಣ್‌ಪುರದ ನ್ಯಾಚುರಲ್ ಬ್ರಿಡ್ಜ್ ಅಂತ ಬರೆದುಕೊಟ್ಟಿದ್ದರು. ಅಲೆ ಕೊರೆದು ಕಮಾನು ಮಾಡಿದ ಬಂಡೆ ಅದು. ದ್ವೀಪದಲ್ಲಿ ಬಂಗಾಳಿಗಳು ಜಾಸ್ತಿ, ಹಾಗಾಗಿ ಅದಕ್ಕೆ ಹೌರಾ ಬ್ರಿಡ್ಜ್ ಅಂತಲೂ ಕರೆಯುತ್ತಾರೆ. ಅದರ ಮುಂದಿನ ಬಂಡೆಹಾಸಿನ ಮೇಲೇ ಇಳಿತದ ನಡಿಗೆ, ಅಂದರೆ ಸಮುದ್ರ ಹಿಂದೆ ಸರಿದಾಗ ಬಂಡೆ ಮೇಲೆ ನಡೆದು ಹೊಂಡಗಳಲ್ಲಿ ಉಳಿದ ಜೀವಿಗಳನ್ನು ನೋಡುವುದು. ನಾವು ಹೋದಾಗ ಬಂಡೆಹಾಸೂ ಇಲ್ಲ, ನಡಿಗೆಯೂ ಇಲ್ಲ. ಎಲ್ಲ ನೀರು. ಮರದಡಿ ಕೂತಿದ್ದ ಗೈಡ್ ನಕ್ಕು, 'ಮೂರು ಗಂಟೆಗೆ ಬನ್ನಿ' ಅಂದ.

ಅತ್ತೆಗೆ ಸಿಟ್ಟು. ಅವರು ಕುಮಟಾ ಕಡೆಯವರು. ಹುಡುಗಿಯಾಗಿದ್ದಾಗ ಅಘನಾಶಿನಿಯಲ್ಲಿ ಇಳಿತ ನೋಡಿಕೊಂಡು ಚಿಪ್ಪಿಕಲ್ಲು ಹೆಕ್ಕಿದವರು. 'ಇವತ್ತು ಅಮಾಸೆ. ಭರತ ಎಷ್ಟೊತ್ತಿಗೆ, ಇಳಿತ ಎಷ್ಟೊತ್ತಿಗೆ ಅಂತ ಕೇಳದೇ ಟಿಕೆಟ್ ಮಾಡ್ತಾರಾ ಮಾರಾಯ್ತಿ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಬಿಡುವಿನಲ್ಲಿ ಭರತ್‌ಪುರಕ್ಕೆ ಹೋಗಿ ಗಾಜಿನ ತಳದ ದೋಣಿ ಹತ್ತಿದೆವು. ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಕಾಲು ಒದ್ದೆಯಾಗುವುದಿಲ್ಲ, ಭಯವಿಲ್ಲ. ಆದರೆ ಗಾಜು ಗೀಚು ಬಿದ್ದಿತ್ತು, ಹತ್ತು ತಲೆ ಒಂದೇ ಗಾಜಿಗೆ ಬಗ್ಗಿದ್ದವು, ಎಂಜಿನ್ ಸದ್ದಿನಲ್ಲಿ ದೋಣಿಯವನು ಹೇಳಿದ್ದು ಕೇಳಲಿಲ್ಲ. ಆಳಕ್ಕೆ ಹೋದಷ್ಟೂ ನೀರು ಕೆಂಪು ಬಣ್ಣವನ್ನು ಮೊದಲು ನುಂಗುತ್ತದೆ, ಉಳಿಯುವುದು ನೀಲಿ ಹಸಿರು. ಹಾಗಾಗಿ ಎಲ್ಲವೂ ಹಳೇ ಟೀವಿಯಲ್ಲಿ ಕಂಡಂತೆ. ಅತ್ತೆ ತಮ್ಮ ಹವಳದ ಸರ ಮುಟ್ಟಿಕೊಂಡು, ಕೆಂಪು ಹವಳ ಎಲ್ಲಿ ಅಂತ ಹುಡುಕಿದರು. ಸರದ ಹವಳವೇ ಬೇರೆ ಜಾತಿ. ಇಲ್ಲಿನವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುವುದರಿಂದ ಹೆಚ್ಚಿನವು ಕಂದು ಬಣ್ಣ.

ಮೂರಕ್ಕೆ ವಾಪಸ್ ಬಂದರೆ ಬೆಳಗಿನ ಜಾಗವೇ ಅಲ್ಲ. ಸಮುದ್ರ ಅಷ್ಟು ದೂರ ಸರಿದು, ಬಂಡೆಹಾಸಿನ ತುಂಬ ಸಣ್ಣ ಸಣ್ಣ ಹೊಂಡ ಬಿಟ್ಟು ಹೋಗಿತ್ತು. ಗೈಡಿಗೆ 500 ರೂಪಾಯಿ ಕೊಟ್ಟೆವು. ಮೂರರಲ್ಲಿ ಕಡಿಮೆ ಖರ್ಚು ಇದರದ್ದೇ. ಅವನು ಮೊದಲು ನೋಡಿದ್ದು ನಮ್ಮ ಕಾಲು. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿ ಇರುವುದು ಹಾಕಿ ಅಂದ. ಆಮೇಲೆ ಒಂದೇ ನಿಯಮ: ನಾನು ಕಾಲಿಟ್ಟಲ್ಲಿ ಮಾತ್ರ ಕಾಲಿಡಿ.

ಒಂದು ಹೊಂಡದ ಹತ್ತಿರ ಕುಕ್ಕರಗಾಲಲ್ಲಿ ಕೂರಿಸಿದ. ಕಲ್ಲಿನಲ್ಲಿ ಹೂತ ಅಂಗೈ ಅಗಲದ ಚಿಪ್ಪು, ಬಾಯಿ ತೆರೆದಿತ್ತು. ಬಾಯಂಚಿನಲ್ಲಿ ನೀಲಿ, ಅದರ ಮೇಲೆ ಹಸಿರು ಚುಕ್ಕಿ, ರವಿಕೆಯ ಮಡಿಕೆಯಂತೆ ಸುರುಳಿ ಸುರುಳಿ. ಗೈಡ್ ಮುಟ್ಟಲಿಲ್ಲ, ಸುಮ್ನೆ ಕೈ ಅಡ್ಡ ತಂದ. ನೆರಳು ಬಿದ್ದದ್ದೇ ತಡ, ಚಿಪ್ಪು ಬಾಯಿ ಬಿಗಿಯಿತು. ಆ ಅಂಚಿನ ತುಂಬ ನೆರಳು ಗುರುತಿಸುವ ಪುಟಾಣಿ ಕಣ್ಣುಗಳಿವೆಯಂತೆ. 'ಇದು ನಮ್ಮ ಚಿಪ್ಪಿಕಲ್ಲಿನ ದೊಡ್ಡಣ್ಣ' ಅಂದರು ಅತ್ತೆ. ತಪ್ಪೇನಿಲ್ಲ, ಎರಡೂ ಎರಡು ಚಿಪ್ಪಿನ ಬಳಗವೇ. ಅದು ಮತ್ತೆ ಬಾಯಿ ತೆರೆಯುವವರೆಗೆ ಮಗ ಅಲ್ಲಿಂದ ಏಳಲಿಲ್ಲ. ಆ ಹುಡುಗ ಅಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಮರಳು ಮೆತ್ತಿಕೊಂಡ ಕರಿ ಸಮುದ್ರಸೌತೆ (ಸೌತೆಕಾಯಿ ಆಕಾರದ ಮೆತ್ತನೆ ಪ್ರಾಣಿ), ಕಲ್ಲಿನಡಿಯಿಂದ ಸಪೂರ ಕೈ ಚಾಚಿದ ನಕ್ಷತ್ರಮೀನು, ಏಡಿಗಳು. ಪಕ್ಕದ ಗುಂಪಿನ ಗೈಡ್ ಸಮುದ್ರಸೌತೆಯನ್ನು ಎತ್ತಿ ಪ್ರವಾಸಿಗಳ ಕೈಗೇ ಕೊಟ್ಟು ಫೋಟೋ ತೆಗೆಸುತ್ತಿದ್ದ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೂ ರಕ್ಷಣೆ ಇದೆ, ಹವಳಕ್ಕೂ ಇದೆ. ನೋಡಿ ಬೇಜಾರಾಯಿತು. ಈ ನಡಿಗೆಯ ದೊಡ್ಡ ಕೊರತೆ ಇದೇ. ದೋಣಿಯಲ್ಲಿ ನಿಮ್ಮಿಂದ ಹವಳಕ್ಕೆ ನೇರ ಏಟು ಬೀಳುವುದು ಕಮ್ಮಿ, ಇಲ್ಲಿ ನಿಮ್ಮ ಪಾದವೇ ಅಪಾಯ. ಉಂಡೆ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಗೈಡ್ ಇಲ್ಲದೆ ಹೋದರೆ ಯಾವುದು ಸತ್ತ ಕಲ್ಲು, ಯಾವುದು ಜೀವ ಅಂತ ನಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಗೈಡ್ ಬೇಕೇ ಬೇಕು, ಅದರಲ್ಲೂ ಮುಟ್ಟದೆ ತೋರಿಸುವವನು.

ನನ್ನ ಆಯ್ಕೆ ಕೇಳಿದರೆ ಇಳಿತದ ನಡಿಗೆಯೇ. ಮೀನಿನ ಹಿಂಡು ನೋಡಬೇಕೆಂದರೆ ಮಾತ್ರ ಸ್ನಾರ್ಕೆಲಿಂಗ್, ಹೊಂಡದಲ್ಲಿ ಅದು ಸಿಗುವುದಿಲ್ಲ. ಮಂಡಿನೋವು ಜೋರಾಗಿದ್ದು ಬಂಡೆ ಮೇಲೆ ನಡೆಯಲು ಆಗದವರಿಗೆ ಗಾಜಿನ ದೋಣಿ. ನಡಿಗೆಗೆ ದಿನ ಆರಿಸುವಾಗ ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮರುದಿನಗಳಲ್ಲಿ ನೀರು ಚೆನ್ನಾಗಿ ಇಳಿಯುತ್ತದೆ, ಅಷ್ಟಮಿ ಆಸುಪಾಸಿನಲ್ಲಿ ಅಷ್ಟಿಲ್ಲ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಳಿತಕ್ಕೆ ಒಂದು ಗಂಟೆ ಮೊದಲೇ ಹೋಗಿ, ನೀರು ತಿರುಗುವಾಗ ಹೊರಡಿ. ಅಲ್ಲಿ ಚಳಿಗಾಲದಲ್ಲಿ ಸಂಜೆ 5ರ ಹೊತ್ತಿಗೆಲ್ಲ ಕತ್ತಲಾಗಲು ಶುರು. ನೀಲ್‌ನಲ್ಲಿ ಒಂದು ರಾತ್ರಿ ಉಳಿಯಿರಿ, ಬೆಳಗ್ಗೆ ಬಂದು ಮಧ್ಯಾಹ್ನದ ಹಡಗಿಗೆ ಓಡುವ ಪ್ಯಾಕೇಜ್ ಆದರೆ ನ್ಯಾಚುರಲ್ ಬ್ರಿಡ್ಜ್‌ಗೆ ಎಷ್ಟು ಗಂಟೆಗೆ ಕರೆದೊಯ್ಯುತ್ತೀರಿ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ. ನಾನು ಕೇಳಿರಲಿಲ್ಲ. ಅತ್ತೆ ಅದನ್ನು ಈಗಲೂ ನೆನಪಿಸುತ್ತಾರೆ.